ಮೂರು ತಿಂಗಳಾದರೂ ಮುಗಿಯದ ಗ್ಯಾಸು

ನಾನು ಪದವಿಪೂರ್ವ ಕಾಲೇಜೊಂದರಲ್ಲಿ ರಸಾಯನಶಾಸ್ತ್ರದ ಉಪನ್ಯಾಸಕ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ. ಮುಂದಿನದನ್ನೆಲ್ಲ ಓದಿದ ಮೇಲೆ ಹೇಳಿದರೆ ನೀವು ನಂಬುವುದಿಲ್ಲ!

ಯಾವ ಇಂಧನ ಹೇಗೆ ಉರಿಯುತ್ತದೆ, ಉರಿದಾಗ ಏನೇನು ಹೊರಗೆ ಬರುತ್ತದೆ ಎಂಬುದನ್ನು ಇಪ್ಪತ್ತಾರು ವರ್ಷಗಳಿಂದ ಕಪ್ಪು ಹಲಗೆಯ ಮೇಲೆ ಬರೆದು ಅಳಿಸುತ್ತ ಬಂದವನು ನಾನು. ಅಂಥವನ ಮೂಗಿನೆದುರಿಗೇ ಒಂದು ಶನಿವಾರ ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಒಬ್ಬ ಮಹಾಶಯ ಕಾರು ನಿಲ್ಲಿಸಿ, ಇಂಜಿನ್ ಆಫ್ ಮಾಡದೆ, ಬಟ್ಟೆ ಅಂಗಡಿಯೊಳಗೆ ಹೋಗಿ ಶರ್ಟಿನ ಬಟ್ಟೆ ಆರಿಸುತ್ತ ಕೂತ. ಹಿಂದೆ ನನ್ನ ಕಾರು. ಅದರ ಹಿಂದೆ ಇಡೀ ಗಾಂಧಿ ಬಜಾರು. ಅವನ ಕಾರಿನ ಹೊಗೆಯೆಲ್ಲ ನೇರವಾಗಿ ನನ್ನ ಕಿಟಕಿಯೊಳಗೆ! ನಾನು ಇಳಿದು ಹೋಗಿ, ಸಭ್ಯವಾಗಿಯೇ ಹೇಳಿದೆ.

"ಸ್ವಾಮಿ, ನಿಮ್ಮ ಕಾರು ಹೊಗೆ ಬಿಡ್ತಾ ಇದೆ."

ಅವನು ಬಟ್ಟೆಯಿಂದ ಕಣ್ಣೆತ್ತದೆ ಕೇಳಿದ. "ನಿಮ್ಮ ಕಾರೇನು ಸಾಂಬ್ರಾಣಿ ಬಿಡುತ್ತಾ?"

ಅಂಗಡಿಯವನು ನಕ್ಕ. ಬಟ್ಟೆ ಕತ್ತರಿಸುತ್ತಿದ್ದವನೂ ನಕ್ಕ. ನಿಜ ಹೇಳಬೇಕೆಂದರೆ ನನ್ನದೂ ಪೆಟ್ರೋಲ್ ಕಾರು. ಹನ್ನೊಂದು ವರ್ಷ ಹಳೆಯದು ಬೇರೆ. ಆ ಸಾಂಬ್ರಾಣಿ ಮಾತು ಎದೆಗೆ ನಾಟಿತು. ಮನೆಗೆ ಬಂದವನೇ ಚಪ್ಪಲಿ ಕೂಡ ಬಿಡದೆ ಹೆಂಡತಿಗೆ ಘೋಷಿಸಿದೆ.

"ವನಜಾ, ಇನ್ಮೇಲೆ ನಮ್ಮ ಕಾರು ಪೆಟ್ರೋಲಲ್ಲಿ ಓಡಲ್ಲ. ಗ್ಯಾಸ್ ಕಿಟ್ ಹಾಕಿಸ್ತೀನಿ."

"ಅಡುಗೆ ಗ್ಯಾಸಾ?"

"ಅಡುಗೆದಲ್ಲ ಮಾರಾಯ್ತಿ, ವಾಹನಕ್ಕೆ ಅಂತಾನೇ ಬರೋ ಎಲ್‌ಪಿಜಿ. ಆಟೋದವರು ಹಾಕಿಸ್ತಾರಲ್ಲ, ಅದು. ಪೆಟ್ರೋಲಿಗಿಂತ ಶುಭ್ರವಾಗಿ ಉರಿಯುತ್ತೆ. ಮಸಿ ಕಡಿಮೆ, ವಿಷದ ಗಾಳಿ ಕಡಿಮೆ, ಭೂಮಿ ಬಿಸಿ ಮಾಡೋ ಗಾಳಿ ಕೂಡ ಸ್ವಲ್ಪ ಕಡಿಮೆ."

"ಡಿಕ್ಕೀಲಿ ಸಿಲಿಂಡರ್ ಇಟ್ಕೊಂಡು ನಾನು ದಿನಾ ಭದ್ರಾವತಿಗೆ ಹೋಗ್ಬೇಕಾ?"

ಇದಕ್ಕೊಂದು ವಿವರಣೆ ಬೇಕು. ಕಾರು ಹೆಸರಿಗೆ ನನ್ನದಾದರೂ ದಿನವೂ ಓಡಿಸುವವಳು ವನಜಾ. ಅವಳಿಗೆ ಭದ್ರಾವತಿಯಲ್ಲಿ ಕಚೇರಿ ಕೆಲಸ. ಬೆಳಿಗ್ಗೆ ನನ್ನನ್ನು ಕಾಲೇಜಿನ ಹತ್ತಿರ ಇಳಿಸಿ ಮುಂದೆ ಹೋಗುತ್ತಾಳೆ, ಸಂಜೆ ಒಬ್ಬಳೇ ಬರುತ್ತಾಳೆ. ಪೆಟ್ರೋಲ್ ಹಾಕಿಸುವುದು, ಗಾಳಿ ಹೊಡೆಸುವುದು ಇತ್ಯಾದಿ ಸಣ್ಣಪುಟ್ಟ ಕೆಲಸಗಳು ಅವಳವು. ಪರಿಸರದಂಥ ದೊಡ್ಡ ವಿಷಯಗಳು ನನ್ನವು.

ಭದ್ರಾವತಿಯಲ್ಲಿ ನೂರ್ ಭಾಯ್ ಎಂಬವರ ವರ್ಕ್‌ಶಾಪು. ಕಾರುಗಳಿಗೆ ಗ್ಯಾಸ್ ಕಿಟ್ ಕೂರಿಸುವುದರಲ್ಲಿ ಎತ್ತಿದ ಕೈ ಎಂದು ವನಜಾಳ ಕಚೇರಿಯವರೇ ಹೇಳಿದ್ದರು. ಮಾತು ಕಡಿಮೆ, ಕೆಲಸ ಅಚ್ಚುಕಟ್ಟು. ಕೈ ಒರೆಸಿಕೊಳ್ಳದೆ ಗಿರಾಕಿಯ ಕಾರಿನ ಬಾಗಿಲನ್ನು ಕೂಡ ಮುಟ್ಟುವವರಲ್ಲ. ಎರಡು ದಿನ ಕಾರನ್ನು ಇಟ್ಟುಕೊಂಡು ಕಿಟ್ ಹಾಕಿ, ಪರೀಕ್ಷೆಗೆಂದು ಸ್ವಲ್ಪ ಗ್ಯಾಸನ್ನೂ ತುಂಬಿಸಿದರು. ಡಿಕ್ಕಿಯಲ್ಲಿ ಟ್ಯಾಂಕು, ಸ್ಟೇರಿಂಗಿನ ಪಕ್ಕದಲ್ಲಿ ಬೆಂಕಿಪೊಟ್ಟಣದಷ್ಟು ದೊಡ್ಡ ಸ್ವಿಚ್ಚು, ಅದರ ಮೇಲೆ ನಾಲ್ಕು ಹಸಿರು ದೀಪ. ಟ್ಯಾಂಕಿನಲ್ಲಿ ಗ್ಯಾಸ್ ಕಡಿಮೆಯಾದ ಹಾಗೆ ಒಂದೊಂದೇ ದೀಪ ಆರುತ್ತದಂತೆ. ಆರ್‌ಟಿಒ ಕಚೇರಿಯಲ್ಲಿ ಬರೆಸಬೇಕಾದ್ದನ್ನೂ ಅವರೇ ಹೇಳಿ ಬರೆಸಿದರು. ಕಾರು ಕೊಡುವಾಗ ಹೇಳಲಿಕ್ಕೆ ಶುರುಮಾಡಿದರು.

"ಸರ್, ಇದು ಪೆಟ್ರೋಲಲ್ಲಿ ಸ್ಟಾರ್ಟ್ ಆಗುತ್ತೆ. ಇಂಜಿನ್ ಬಿಸಿ ಆದ್ಮೇಲೆ ತಾನಾಗೇ ಗ್ಯಾಸಿಗೆ ಹೋಗುತ್ತೆ. ಟ್ಯಾಂಕಲ್ಲಿ ಪೆಟ್ರೋಲ್ ಇರ್ಲಿ ಯಾವಾಗ್ಲೂ."

"ಗೊತ್ತು ನೂರ್ ಭಾಯ್."

"ಡಿಕ್ಕೀಲಿ ಟ್ಯಾಂಕಿನ ಮೇಲೆ ಒಂದು ವಾಲ್ ಇದೆ ಸರ್. ಅದನ್ನ..."

"ನಾನು ಕೆಮಿಸ್ಟ್ರಿ ಲೆಕ್ಚರರ್ರು ಕಣ್ರೀ!"

"ಸರಿ ಸರ್. ಆಮೇಲೆ ಓಡಿಸುವಾಗ ಪೀಂ ಅಂತ ಸೌಂಡ್ ಬಂದ್ರೆ..."

"ಗೊತ್ತಾಗುತ್ತೆ ಬಿಡಿ. ಮಕ್ಕಳಿಗೆ ಪಾಠ ಮಾಡೋನಿಗೇ ಪಾಠ ಮಾಡ್ತೀರಲ್ಲ!"

ನೂರ್ ಭಾಯ್ ಕೀಲಿ ಕೊಟ್ಟರು. ನಾನು ವಿಜಯದ ನಗೆ ನಕ್ಕು ಕಾರು ಹತ್ತಿದೆ. ಶಿವಮೊಗ್ಗಕ್ಕೆ ಬಂದು, ಆಟೋಗಳ ಸಾಲಿನಲ್ಲಿ ಮುಕ್ಕಾಲು ಗಂಟೆ ನಿಂತು, ಟ್ಯಾಂಕ್ ತುಂಬ ಗ್ಯಾಸ್ ಹಾಕಿಸಿಕೊಂಡು ಮನೆ ಸೇರಿದೆ. ನಾಲ್ಕೂ ಹಸಿರು ದೀಪ ಉರಿಯುತ್ತಿದ್ದವು. ಆಟೋದವರೊಬ್ಬರು ಕಾರಿನಲ್ಲಿ ಬಂದ ನನ್ನನ್ನು ತಮ್ಮ ಸಾಲಿನಲ್ಲಿ ನೋಡಿ ಕರುಣೆಯಿಂದ ನೀರು ಕೊಟ್ಟರು.

ವನಜಾ ಕಾರಿಗೆ ಪೂಜೆ ಮಾಡಿದಳು. ಡಿಕ್ಕಿ ತೆಗೆಸಿ, ಟ್ಯಾಂಕಿಗೂ ಅರಿಸಿನ ಕುಂಕುಮ ಹಚ್ಚಿ, ಗ್ಯಾಸನ್ನು ತೆರೆದು ಮುಚ್ಚುವ ಅದರ ವಾಲ್‌ಗೆ ಒಂದು ಮೊಳ ಸೇವಂತಿಗೆ ಸುತ್ತಿದಳು. ಆಮೇಲೆ ಟ್ಯಾಂಕನ್ನೇ ದಿಟ್ಟಿಸುತ್ತ ನಿಂತಳು.

"ರೀ, ನಂಗೆ ಹೆದ್ರಿಕೆ ಆಗುತ್ತೆ. ಇದು ಲೀಕ್ ಆದ್ರೆ?"

ಇಲ್ಲಿ ನಮ್ಮ ಮನೆಯ ಒಂದು ಪದ್ಧತಿಯನ್ನು ಹೇಳಬೇಕು. ಅಡುಗೆ ಮುಗಿದ ಕೂಡಲೇ ಸಿಲಿಂಡರಿನ ರೆಗ್ಯುಲೇಟರ್ ಬಂದ್ ಮಾಡಬೇಕು. ಮೂರು ದಿನಕ್ಕೆಂದು ಊರಿಗೆ ಹೋಗುವಾಗ ಬಸ್‌ಸ್ಟ್ಯಾಂಡಿನಿಂದ ವಾಪಸ್ ಬಂದು ರೆಗ್ಯುಲೇಟರ್ ನೋಡಿಕೊಂಡು ಹೋದ ಮನೆತನ ನಮ್ಮದು. ನಿಮ್ಮ ಮನೆಯಲ್ಲೂ ಇದೇ ಇರುತ್ತದೆ ಎಂದುಕೊಂಡಿದ್ದೇನೆ. ನನ್ನ ಬುದ್ಧಿ ಚುರುಕಾಯಿತು.

"ಹೆದ್ರಿಕೆ ಯಾಕೆ? ಇದೂ ಗ್ಯಾಸು, ಅದೂ ಗ್ಯಾಸು. ನೋಡು, ಈ ವಾಲ್ ಇದೆಯಲ್ಲ, ಇದೇ ರೆಗ್ಯುಲೇಟರ್. ಸಂಜೆ ಬಂದ ತಕ್ಷಣ ಡಿಕ್ಕಿ ತೆಗೆದು ಇದನ್ನ ಬಂದ್ ಮಾಡ್ಬಿಡು. ಇದು ನಿನ್ನ ಕೆಲಸ. ಮರೀಬಾರ್ದು!"

"ಮರೆಯಲ್ಲ" ಎಂದಳು ವನಜಾ. ಅಲ್ಲೇ, ಆಗಲೇ, ನನ್ನೆದುರಿಗೇ ವಾಲ್ ತಿರುಗಿಸಿ ಬಂದ್ ಮಾಡಿದಳು. ನನಗೆ ಅವಳ ಜವಾಬ್ದಾರಿ ಕಂಡು ಸಂತೋಷವಾಯಿತು.

ಮರುದಿನದಿಂದ ಶುರುವಾಯಿತು ನೋಡಿ ನನ್ನ ವೈಭವದ ಕಾಲ!

ಬೆಳಿಗ್ಗೆ ಮನೆಯಿಂದ ಹೊರಟು ಒಂದೂವರೆ ಕಿಲೋಮೀಟರ್ ಹೋಗುವಷ್ಟರಲ್ಲಿ ಸ್ವಿಚ್ಚು ಪೀಂ ಪೀಂ ಪೀಂ ಎನ್ನುತ್ತಿತ್ತು. ಪಕ್ಕದಲ್ಲೊಂದು ಕಿತ್ತಳೆ ಬಣ್ಣದ ದೀಪ ಹತ್ತಿಕೊಳ್ಳುತ್ತಿತ್ತು. ಮೊದಲ ದಿನ ವನಜಾ ಗಾಬರಿಯಾದಳು.

"ಇದೇನ್ರೀ ಸೌಂಡು?"

"ಗ್ಯಾಸ್ ಶುರುವಾಯ್ತು ಅಂತ. ಕಿತ್ತಳೆ ದೀಪ ಯಾಕೆ ಹೇಳು? ಜ್ವಾಲೆಯ ಬಣ್ಣ! ಈಗ ಕಿಟಕಿ ಇಳಿಸು. ಇನ್ನು ನಮ್ಮಿಂದ ಈ ಊರಿನ ಗಾಳಿಗೆ ತೊಂದರೆ ಇಲ್ಲ."

ದಿನವೂ ಪೀಂ ಎನ್ನುವುದು, ದಿನವೂ ನಾನು ಕಿಟಕಿ ಇಳಿಸಿ ದೀರ್ಘವಾಗಿ ಉಸಿರೆಳೆಯುವುದು. ಅಕ್ಕಪಕ್ಕದ ಪೆಟ್ರೋಲ್ ಸ್ಕೂಟರಿನವರನ್ನು ತಿರಸ್ಕಾರದಿಂದ ನೋಡುವುದನ್ನೂ ರೂಢಿಸಿಕೊಂಡೆ. ಸಿಗ್ನಲ್ಲಿನಲ್ಲಿ ಒಬ್ಬರಿಗೆ ಹೇಳಿಯೂ ಹೇಳಿದೆ, "ಅಮ್ಮಾ, ನಿಮ್ಮ ಗಾಡಿ ಬಿಡೋದು ಕಾರ್ಬನ್ ಮೊನಾಕ್ಸೈಡು" ಎಂದು. ಆಕೆ ಹೆಲ್ಮೆಟ್ ತೆಗೆದು, "ಏನು ಬಿತ್ತು ಅಂದ್ರಿ? ಕೀಲಿನಾ?" ಎಂದು ಕೇಳಿ ಕೆಳಗೆಲ್ಲ ಹುಡುಕಿದರು.

ಇದಕ್ಕಿಂತ ದೊಡ್ಡ ಅದ್ಭುತ ಇನ್ನೊಂದಿತ್ತು. ಒಂದು ವಾರವಾಯಿತು, ನಾಲ್ಕು ಹಸಿರು ದೀಪ. ಒಂದು ತಿಂಗಳಾಯಿತು, ನಾಲ್ಕು ಹಸಿರು ದೀಪ. ಎರಡು ತಿಂಗಳು, ಮೂರು ತಿಂಗಳು. ಗ್ಯಾಸು ಮುಗಿಯಲೇ ಇಲ್ಲ! ಇಂಥ ವಿಷಯವನ್ನು ನೋಡಿದ ಯಾವ ಮನುಷ್ಯನಿಗಾದರೂ ಸಂಶಯ ಬರಬೇಕು. ನನಗೆ ಬಂದದ್ದು ಹೆಮ್ಮೆ. ಅನಿಲವು ಬಿಸಿಯಾದಾಗ ಹೇಗೆ ಹಿಗ್ಗುತ್ತದೆ, ಸ್ವಲ್ಪ ದ್ರವದಿಂದ ಎಷ್ಟೊಂದು ಅನಿಲವಾಗುತ್ತದೆ, ಆದ್ದರಿಂದಲೇ ಅದು ಹೇಗೆ ಬೇಗ ಮುಗಿಯುವುದಿಲ್ಲ ಎಂಬುದನ್ನು ನಾನು ಸ್ಟಾಫ್ ರೂಮಿನಲ್ಲಿ ಚಿತ್ರ ಬರೆದು ತೋರಿಸಿದೆ. ಭೌತಶಾಸ್ತ್ರದವರು ಏನೋ ಹೇಳಲು ಬಾಯಿ ತೆರೆದರು. ಅವರಿಗೂ ನಾನು ಅವಕಾಶ ಕೊಡಲಿಲ್ಲ.

ಒಂದು ಭಾನುವಾರ ನೆಂಟರ ಮಕ್ಕಳನ್ನು ತ್ಯಾವರೆಕೊಪ್ಪದ ಸಿಂಹಧಾಮಕ್ಕೆ ಕರೆದುಕೊಂಡು ಹೋಗಿದ್ದೆವು. ಅಲ್ಲಿ ಕಾರು ನಿಲ್ಲಿಸುವ ಜಾಗದಲ್ಲೇ ನಿಂತು, "ನಿಮ್ಮೆಲ್ಲರ ಹೊಗೆಯನ್ನ ಆ ಮೂಕ ಪ್ರಾಣಿಗಳು ಕುಡೀಬೇಕಲ್ರೀ!" ಎಂದು ಸಾರ್ವಜನಿಕರನ್ನು ಉದ್ದೇಶಿಸಿ ಮಾತಾಡಿದೆ. ಕೆಲವರು ನನ್ನನ್ನು ಸಿಂಹಧಾಮದ ಸಿಬ್ಬಂದಿ ಎಂದು ತಿಳಿದು ಟಿಕೆಟ್ ತೋರಿಸಿದರು.

ನಮ್ಮ ಎದುರು ಮನೆಯವರು ಮಂಜಪ್ಪನವರು. ಭದ್ರಾವತಿಯ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದವರು. ತಮ್ಮ ಪೆಟ್ರೋಲ್ ಕಾರನ್ನು ವಾರಕ್ಕೊಮ್ಮೆ ಹೊರತೆಗೆದು, ಒರೆಸಿ, ಮತ್ತೆ ಒಳಗಿಡುತ್ತಾರೆ. ಅವರಿಗೆ ನನ್ನ ಪ್ರಚಾರ ಹಿಡಿಸಲಿಲ್ಲ.

"ಮೇಷ್ಟ್ರೇ, ಗ್ಯಾಸೂ ನೆಲದೊಳಗಿಂದ ತೆಗೆದ ಎಣ್ಣೆ ಜಾತಿದೇ ಅಲ್ವಾ? ಅದೇನು ಗಿಡದಲ್ಲಿ ಬಿಡುತ್ತಾ?"

"ಪೂರ್ತಿ ಶುದ್ಧ ಅಂತ ನಾನೆಲ್ಲಿ ಹೇಳ್ದೆ? ಪೆಟ್ರೋಲಿಗಿಂತ ವಾಸಿ ಅಂದೆ."

"ವಾಸಿ ಇರ್ಬಹುದು. ಆದ್ರೆ ಮೂರು ತಿಂಗಳು ಮುಗೀದೇ ಇರೋ ಗ್ಯಾಸು ನಾನು ಎಲ್ಲೂ ಕೇಳಿಲ್ಲ ಮಾರಾಯ್ರೇ. ಎಲ್ಲೋ ಏನೋ ಎಡವಟ್ಟಾಗಿದೆ."

ಎಡವಟ್ಟಂತೆ! ನನ್ನ ಪಿತ್ತ ನೆತ್ತಿಗೇರಿತು. ಬಡಾವಣೆಯ ಸಂಘದ ಸಭೆಯಲ್ಲಿ ಎದ್ದುನಿಂತು ಸವಾಲು ಹಾಕಿಯೇಬಿಟ್ಟೆ. ಮುಂದಿನ ಭಾನುವಾರ ಹೊಗೆ ತಪಾಸಣೆಯ ವ್ಯಾನು ಇಲ್ಲಿಗೇ ಬರಲಿ. ನನ್ನ ಗ್ಯಾಸ್ ಕಾರು, ಮಂಜಪ್ಪನವರ ಪೆಟ್ರೋಲ್ ಕಾರು, ಎರಡನ್ನೂ ಎಲ್ಲರೆದುರಿಗೆ ಪರೀಕ್ಷಿಸಲಿ. ಸತ್ಯ ಏನೆಂದು ಯಂತ್ರವೇ ಹೇಳಲಿ!

ಸಭೆ ಚಪ್ಪಾಳೆ ತಟ್ಟಿತು. ಅಷ್ಟೇ ಆಗಿದ್ದರೆ ಈ ಕಥೆ ನನ್ನ ಮಾನಕ್ಕಷ್ಟೇ ಸಂಬಂಧಿಸಿದ್ದಾಗಿರುತ್ತಿತ್ತು. ಆದರೆ ಅಷ್ಟರೊಳಗೆ ನನ್ನ ಉಪದೇಶ ಕೇಳಿ ಬಡಾವಣೆಯ ಒಂಬತ್ತು ಮನೆಯವರು ತಾವೂ ಕಿಟ್ ಹಾಕಿಸುವುದಾಗಿ ಒಪ್ಪಿದ್ದರು. ನಾನು ನೂರ್ ಭಾಯ್‌ಗೆ ಫೋನ್ ಮಾಡಿ, "ಒಂಬತ್ತು ಕಿಟ್ ತರಿಸಿಟ್ಕೊಳ್ಳಿ, ನನ್ನ ಜವಾಬ್ದಾರಿ" ಎಂದಿದ್ದೆ. ನನ್ನ ಮಾತು ನಂಬಿ ಅವರು ಒಂಬತ್ತೂ ತರಿಸಿದ್ದರು.

ಭಾನುವಾರ ವ್ಯಾನು ಬಂತು. ಜೊತೆಗೆ ಲ್ಯಾಪ್‌ಟಾಪ್ ಹಿಡಿದ ಒಬ್ಬ ಹೆಣ್ಣುಮಗಳು. ಅರ್ಧ ಬಡಾವಣೆ ಕುರ್ಚಿ ಹಾಕಿಕೊಂಡು ಕೂತಿತ್ತು. ಯಾರೋ ಅವಲಕ್ಕಿ ಮಾಡಿಸಿದ್ದರು. ಮೊದಲು ಮಂಜಪ್ಪನವರ ಕಾರು. ಆಕೆ ಸೈಲೆನ್ಸರಿಗೆ ನಳಿಗೆ ತೂರಿಸಿ, ಪರದೆ ನೋಡಿ, ಪಾಸ್ ಎಂದರು. ಆಮೇಲೆ ನನ್ನ ಕಾರು. ಇಂಜಿನ್ ಬಿಸಿಯಾಗಲೆಂದು ನಾನು ಬಡಾವಣೆಯನ್ನು ಎರಡು ಸುತ್ತು ಹಾಕಿ, ಪೀಂ ಎಂದ ಮೇಲೆ ಬಂದು ನಿಲ್ಲಿಸಿ, ಸಭೆಗೆ ಕೈ ಮುಗಿದೆ.

ಆಕೆ ಪರದೆ ನೋಡಿದರು. ಮತ್ತೊಮ್ಮೆ ನೋಡಿದರು. ಬಂದು ಕಾರಿನೊಳಗೆ ಇಣುಕಿದರು.

"ಸರ್, ಫೇಲ್ ಆಗಿದೆ. ಅದಿರ್ಲಿ, ಗ್ಯಾಸ್ ಅಂತ ಹೇಳಿದ್ರಲ್ಲ, ಇದು ಪೆಟ್ರೋಲಲ್ಲಿ ಓಡ್ತಾ ಇದೆ."

"ಏನಮ್ಮಾ ಹೇಳ್ತಿದೀಯಾ? ಕಣ್ಣಿಗೆ ಕಾಣಲ್ವಾ ಕಿತ್ತಳೆ ದೀಪ?"

"ಅದೇ ಸರ್ ಪೆಟ್ರೋಲ್ ದೀಪ."

ಅರ್ಧ ಬಡಾವಣೆ ಒಟ್ಟಿಗೆ ನಕ್ಕರೆ ಎಷ್ಟು ಸದ್ದಾಗುತ್ತದೆ ಎಂದು ಆವತ್ತು ತಿಳಿಯಿತು. ಮಂಜಪ್ಪನವರು ಮಾತ್ರ ನಗಲಿಲ್ಲ. ಅವಲಕ್ಕಿ ತಟ್ಟೆ ಕೆಳಗಿಟ್ಟು, "ಹೋಗ್ಲಿ ಬಿಡಿ ಮೇಷ್ಟ್ರೇ" ಎಂದರು. ಅದು ನಗುವಿಗಿಂತ ಹೆಚ್ಚು ಉರಿಯಿತು.

ನನ್ನ ತಲೆಗೆ ಆಗ ಹೊಳೆದದ್ದು ಒಂದೇ. ಮೋಸ! ನೂರ್ ಭಾಯ್ ನನಗೆ ಟೋಪಿ ಹಾಕಿದ್ದಾರೆ! ಖಾಲಿ ಟ್ಯಾಂಕು ಇಟ್ಟು, ಬರೀ ದೀಪದ ಸ್ವಿಚ್ಚು ಅಂಟಿಸಿ, ನನ್ನಂಥ ಮುಗ್ಧನನ್ನು ಮೂರು ತಿಂಗಳು ಮಂಗ ಮಾಡಿದ್ದಾರೆ! ಮನೆಯೊಳಗೆ ಹೋಗಿ, ಬಾಗಿಲು ಹಾಕಿಕೊಂಡು, ಬಡಾವಣೆಯ ವಾಟ್ಸಾಪ್ ಗುಂಪಿಗೆ ನಾಲ್ಕು ನಿಮಿಷದ ಧ್ವನಿ ಸಂದೇಶ ಕಳಿಸಿದೆ. "ಭದ್ರಾವತಿಯ ಆ ನೂರ್ ಪಕ್ಕಾ ಮೋಸಗಾರ. ಯಾರೂ ಆ ಕಡೆ ತಲೆಹಾಕಬೇಡಿ. ಪರಿಸರದ ಹೆಸರಲ್ಲಿ ದ್ರೋಹ!" ಎಂದು ಶುರುವಾದ ನನ್ನ ಭಾಷಣ ಕೊನೆಗೆ ಕೆಮ್ಮಿನಲ್ಲಿ ಮುಕ್ತಾಯವಾಯಿತು. ಸಂಜೆಯೊಳಗೆ ಒಂಬತ್ತು ಮನೆಯವರೂ ಒಬ್ಬರ ಹಿಂದೆ ಒಬ್ಬರು ನೂರ್ ಭಾಯ್‌ಗೆ ಫೋನ್ ಮಾಡಿ ಬೇಡ ಎಂದರಂತೆ.

ಮರುದಿನ ಕಾಲೇಜಿಗೆ ರಜೆ ಹಾಕಿ, ವನಜಾಳಿಗೂ ರಜೆ ಹಾಕಿಸಿ, ಅವಳ ಪಕ್ಕದಲ್ಲಿ ಕೂತು ಭದ್ರಾವತಿಗೆ ಹೊರಟೆ. ಸಾಕ್ಷಿಗೆಂದು ಮಂಜಪ್ಪನವರನ್ನೂ ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡೆ. ದಾರಿಯುದ್ದಕ್ಕೂ ಏನೇನು ಬೈಯಬೇಕು ಎಂದು ತಾಲೀಮು ಮಾಡಿದೆ. ಒಂದೂವರೆ ಕಿಲೋಮೀಟರಿಗೆ ಕಾರು ಎಂದಿನಂತೆ ಪೀಂ ಎಂದಿತು. ಇವತ್ತು ಅದಕ್ಕೂ ಬೈದೆ.

ವರ್ಕ್‌ಶಾಪಿನಲ್ಲಿ ನೂರ್ ಭಾಯ್ ಒಂದು ವ್ಯಾನಿನ ಕೆಳಗೆ ಮಲಗಿ ಕೆಲಸ ಮಾಡುತ್ತಿದ್ದರು. ಗೋಡೆಯ ಪಕ್ಕದ ರ‍್ಯಾಕಿನಲ್ಲಿ ಒಂಬತ್ತು ಹೊಸ ಪೆಟ್ಟಿಗೆ. ನಾಲ್ಕೈದು ಗಿರಾಕಿಗಳು ಚಹಾ ಕುಡಿಯುತ್ತ ನಿಂತಿದ್ದರು. ನನಗೆ ಅದೇ ಬೇಕಾಗಿತ್ತು.

"ಹೊರಗೆ ಬನ್ರೀ! ಒಬ್ಬ ಮೇಷ್ಟ್ರಿಗೆ ಮೋಸ ಮಾಡೋಕೆ ನಾಚಿಕೆ ಆಗಲ್ವಾ?"

ನೂರ್ ಭಾಯ್ ಎದ್ದು ಬಂದರು. ಬಟ್ಟೆ ತೆಗೆದುಕೊಂಡು ಒಂದೊಂದೇ ಬೆರಳು ಒರೆಸಿಕೊಂಡರು. ಅಷ್ಟು ಹೊತ್ತೂ ನಾನು ಬೈಯುತ್ತಲೇ ಇದ್ದೆ. ಕಿಟ್ ಖೋಟಾ, ಟ್ಯಾಂಕು ಖೋಟಾ, ನೀವೂ ಖೋಟಾ ಎಂದೆ. ಚಹಾ ಕುಡಿಯುತ್ತಿದ್ದವರಲ್ಲಿ ಒಬ್ಬರು ಲೋಟ ಇಟ್ಟು ತಮ್ಮ ಕಾರಿನ ಕಡೆ ಅನುಮಾನದಿಂದ ನೋಡಿದರು. ಅದನ್ನು ನೂರ್ ಭಾಯ್ ಗಮನಿಸಿದರು. ಮುಖ ಸಣ್ಣದಾಯಿತು.

"ಸರ್, ಇಪ್ಪತ್ತು ವರ್ಷದಿಂದ ಈ ಕೆಲಸ ಮಾಡ್ತಿದೀನಿ. ಮೋಸಗಾರ ಅಂತ ನಿನ್ನೆ ಮೊದಲನೇ ಸಲ ಕೇಳಿದ್ದು. ನಿಮ್ಮ ವಾಯ್ಸ್ ಮೆಸೇಜ್ ಇಲ್ಲಿಗೂ ಬಂತು. ನನ್ನ ಮಗಳೂ ಕೇಳಿದ್ಲು." ಕೈ ಒರೆಸಿದ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡರು. "ಕಾರು ನೋಡ್ಲಾ?"

"ನೋಡ್ರಿ! ಎಲ್ಲರೆದುರಿಗೆ ನೋಡ್ರಿ!"

"ಒಂದು ಮಾತು ಸರ್. ಮೊದಲನೇ ದಿನ ಇಲ್ಲಿಂದ ಶಿವಮೊಗ್ಗಕ್ಕೆ ತಗೊಂಡು ಹೋದ್ರಲ್ಲ, ಆವತ್ತು ದಾರೀಲಿ ಪೀಂ ಅಂದಿತ್ತಾ?"

ನಾನು ಯೋಚಿಸಿದೆ. ಆವತ್ತು ಅಂದಿರಲಿಲ್ಲ. ಆವತ್ತು ಕಾರು ತುಟಿಪಿಟಕ್ಕೆನ್ನದೆ ಮನೆ ತಲುಪಿತ್ತು.

"ಇಲ್ಲ" ಎಂದೆ. "ಮರುದಿನದಿಂದ ಶುರುವಾಯ್ತು."

ನೂರ್ ಭಾಯ್ ಡಿಕ್ಕಿ ತೆರೆದರು. ಟ್ಯಾಂಕಿನ ಮೇಲೆ ಅರಿಸಿನ ಕುಂಕುಮ. ವಾಲ್‌ಗೆ ಸುತ್ತಿದ್ದ ಸೇವಂತಿಗೆ ಒಣಗಿ, ಕಂದು ಬಣ್ಣಕ್ಕೆ ತಿರುಗಿ, ಮೂರು ತಿಂಗಳ ನಂತರವೂ ಅಲ್ಲೇ ಇತ್ತು. ಅವರು ಆ ಹೂವನ್ನು ಜೋಪಾನವಾಗಿ ಬಿಡಿಸಿ, ಕಾಲಿಗೆ ಸಿಗಬಾರದೆಂದು ಕಿಟಕಿಯ ಮೇಲಿಟ್ಟರು. ವಾಲ್ ಮೇಲೆ ಬೆರಳಿಟ್ಟರು.

"ಸರ್, ವಾಲ್ ಬಂದ್ ಇದೆ."

"ಇರ್ಲೇಬೇಕಲ್ಲ! ನಾವು ದಿನಾ ಸಂಜೆ ಬಂದ್ ಮಾಡ್ತೀವಿ. ಸುರಕ್ಷತೆ!"

"ಸರಿ ಸರ್. ಬೆಳಿಗ್ಗೆ ಓಪನ್ ಮಾಡೋದು ಯಾರು?"

ನಾನು ವನಜಾಳ ಮುಖ ನೋಡಿದೆ. ವನಜಾ ನನ್ನ ಮುಖ ನೋಡಿದಳು.

ಅಡುಗೆ ಮನೆಯಲ್ಲಿ ಈ ಪ್ರಶ್ನೆಯೇ ಏಳುವುದಿಲ್ಲ. ಬೆಳಿಗ್ಗೆ ಮೊದಲು ಎದ್ದವರು ಕಾಫಿಗೆ ಇಡುವಾಗ ರೆಗ್ಯುಲೇಟರ್ ತಿರುಗಿಸುತ್ತಾರೆ. ತಿರುಗಿಸದಿದ್ದರೆ ಕಾಫಿ ಇಲ್ಲ. ಕಾರಿನಲ್ಲಿ ಯಾರೂ ಕಾಫಿ ಮಾಡುವುದಿಲ್ಲವಲ್ಲ!

"ನೀವು ಬಂದ್ ಮಾಡು ಅಂದ್ರಿ, ಮಾಡ್ದೆ. ತೆಗಿ ಅಂತ ಯಾವಾಗ ಹೇಳಿದ್ರಿ?" ಎಂದಳು ವನಜಾ. "ಬೆಳಿಗ್ಗೆ ಕಾರು ಒರೆಸ್ತೀನಿ ಅಂತ ಅರ್ಧ ಗಂಟೆ ಮುಂಚೆ ಹೊರಗೆ ಹೋಗ್ತೀರಲ್ಲ, ನೀವೇ ತೆಗೀತೀರಿ ಅಂದ್ಕೊಂಡಿದ್ದೆ."

"ಹಾಗಾದ್ರೆ ದಿನಾ ಸಂಜೆ ನೀನು ಮಾಡ್ತಿದ್ದಿದ್ದೇನು?"

"ಡಿಕ್ಕಿ ತೆಗೆದು ನೋಡ್ತಿದ್ದೆ, ಬಂದ್ ಆಗೇ ಇರ್ತಿತ್ತು. ನಾನು ಬರೋ ಅಷ್ಟರಲ್ಲಿ ತಾನಾಗೇ ಬಂದ್ ಆಗುತ್ತೇನೋ, ಒಳ್ಳೆ ಗಾಡಿ ಅಂದ್ಕೊಂಡೆ. ಆದ್ರೂ ಇರ್ಲಿ ಅಂತ ಇನ್ನೊಂದು ಸಲ ಬಿಗಿ ಮಾಡ್ತಿದ್ದೆ."

ಮೂರು ತಿಂಗಳು ದಿನವೂ ಬಿಗಿ ಮಾಡಿದ ವಾಲ್! ನೂರ್ ಭಾಯ್ ಅದನ್ನು ತೆರೆಯಲು ಇಕ್ಕಳ ತೆಗೆದುಕೊಳ್ಳಬೇಕಾಯಿತು. ಹಾಗೆಯೇ ಅವರು ಅಂದು ಹೇಳಲು ಬಂದು ನಾನು ಬಾಯಿ ಮುಚ್ಚಿಸಿದ್ದ ಎರಡು ಮಾತುಗಳನ್ನು ಈಗ ಪೂರ್ತಿ ಮಾಡಿದರು. ಡಿಕ್ಕಿಯ ವಾಲ್ ಯಾವಾಗಲೂ ತೆರೆದೇ ಇರಬೇಕು, ರಿಪೇರಿಯ ಹೊತ್ತಿಗೆ ಮಾತ್ರ ಮುಚ್ಚುವುದು. ಕಾರು ನಿಲ್ಲಿಸಿದಾಗ ಗ್ಯಾಸನ್ನು ತಡೆಯುವ ವ್ಯವಸ್ಥೆ ಒಳಗೇ ಇದೆ. ಪೀಂ ಎಂದರೆ ಗ್ಯಾಸು ಸಿಗುತ್ತಿಲ್ಲ, ಕಾರು ಪೆಟ್ರೋಲಿಗೆ ವಾಪಸ್ ಹೋಯಿತು ಎಂದರ್ಥ. ಅಂದರೆ ನಾನು ಮೂರು ತಿಂಗಳು ದಿನಾ ಬೆಳಿಗ್ಗೆ ಕಿಟಕಿ ಇಳಿಸಿ, ಎದೆಯುಬ್ಬಿಸಿ, ಭಕ್ತಿಯಿಂದ ಕುಡಿದದ್ದು ಪೆಟ್ರೋಲ್ ಹೊಗೆಯನ್ನು!

ನನ್ನ ಸಿಟ್ಟಿಗೆ ಈಗ ನಿಲ್ಲಲು ಜಾಗವೇ ಇರಲಿಲ್ಲ. ಆದರೂ ಹುಡುಕಿದೆ.

"ಹಾಗಾದ್ರೆ ಇಷ್ಟು ದಿನ ಓಡೋಕೆ ಪೆಟ್ರೋಲ್ ಎಲ್ಲಿಂದ ಬಂತು?"

"ನಾನೇ ಹಾಕಿಸ್ತಿದ್ದೆ" ಎಂದಳು ವನಜಾ. "ಸ್ಟಾರ್ಟ್ ಮಾಡೋಕೆ ಪೆಟ್ರೋಲ್ ಬೇಕು ಅಂದಿದ್ರಲ್ಲ. ವಾರವಾರ ಖಾಲಿ ಆಗ್ತಿತ್ತು. ಸ್ಟಾರ್ಟ್ ಮಾಡೋಕೇ ಇಷ್ಟು ಬೇಕೇನೋ, ಓಡೋದು ಗ್ಯಾಸಲ್ಲಿ ಅಂದ್ಕೊಂಡೆ. ನೀವು ಕೆಮಿಸ್ಟ್ರಿಯವರು, ನಾನೇನು ಕೇಳೋದು?"

ಚಹಾ ಕುಡಿಯುತ್ತಿದ್ದವರು ಈಗ ಗೋಡೆ ಹಿಡಿದು ನಗುತ್ತಿದ್ದರು. ಮಂಜಪ್ಪನವರು ನಗಲಿಲ್ಲ. ನಿವೃತ್ತ ಫಿಟ್ಟರನ ಗಾಂಭೀರ್ಯದಿಂದ ಟ್ಯಾಂಕನ್ನು ತಟ್ಟಿ ನೋಡಿದರು.

"ಮೇಷ್ಟ್ರೇ, ಇಷ್ಟು ಭಾರ ಹೊತ್ಕೊಂಡು ಓಡಾಡಿದೆ ಕಾರು. ಮೊದಲಿಗಿಂತ ಪೆಟ್ರೋಲ್ ಇನ್ನೂ ಜಾಸ್ತೀನೇ ಸುಟ್ಟಿರುತ್ತೆ."

ಯಾರೂ ಕೇಳಿರದ ಈ ಲೆಕ್ಕಾಚಾರವನ್ನು ಅವರು ಯಾಕೆ ಹೇಳಬೇಕಾಗಿತ್ತು? ನನಗೆ ಅವರ ಮೇಲೆ ಬಂದ ಸಿಟ್ಟು ಇವತ್ತಿಗೂ ಪೂರ್ತಿ ಇಳಿದಿಲ್ಲ. ಆದರೆ ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಭೂಮಿಯನ್ನು ಉಳಿಸಲು ಹೊರಟವನು, ತುಂಬಿದ ಗ್ಯಾಸ್ ಟ್ಯಾಂಕಿಗೆ ಶಿವಮೊಗ್ಗದಿಂದ ಭದ್ರಾವತಿಗೆ, ಭದ್ರಾವತಿಯಿಂದ ಶಿವಮೊಗ್ಗಕ್ಕೆ ಮೂರು ತಿಂಗಳು ಪೆಟ್ರೋಲ್ ಸುಟ್ಟು ಸವಾರಿ ಮಾಡಿಸಿದ್ದೆ.

ನೂರ್ ಭಾಯ್ ಇಂಜಿನ್ ಚಾಲೂ ಮಾಡಿ, ಕಿಟ್ಟನ್ನು ಹೊಂದಿಸಿ, ಬಾನೆಟ್ ಮುಚ್ಚಿದರು. ರ‍್ಯಾಕಿನ ಮೇಲಿನ ಒಂಬತ್ತು ಪೆಟ್ಟಿಗೆಗಳ ಕಡೆ ನಾನು ನೋಡಿದೆ. ಅವರು ನೋಡಲಿಲ್ಲ. ಅದು ನನಗೆ ಬಹಳ ಕಷ್ಟವಾಯಿತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ವಾಪಸ್ ಬರುವಾಗ ಮೊಬೈಲ್ ತೆಗೆದು ಗುಂಪಿಗೆ ಬರೆಯತೊಡಗಿದೆ. "ಆತ್ಮೀಯರೇ, ಕೆಲವು ತಾಂತ್ರಿಕ ಕಾರಣಗಳಿಂದಾಗಿ ಉಂಟಾದ ತಪ್ಪು ತಿಳಿವಳಿಕೆಯ ಹಿನ್ನೆಲೆಯಲ್ಲಿ..."

"ಏನು ಬರೀತಿದೀರಿ, ಓದಿ" ಎಂದಳು ವನಜಾ.

ಓದಿದೆ. ಅವಳು ಕಾರನ್ನು ರಸ್ತೆಯ ಪಕ್ಕಕ್ಕೆ ತೆಗೆದು ನಿಲ್ಲಿಸಿದಳು.

"ಬೈದಿದ್ದು ಬಾಯಲ್ಲಿ. ತಪ್ಪಾಯ್ತು ಅನ್ನೋದನ್ನೂ ಬಾಯಲ್ಲೇ ಹೇಳಿ. ಅವರ ಮಗಳು ನಿಮ್ಮ ದನಿ ಕೇಳಿದಾಳೆ. ಇದನ್ನೂ ಕೇಳ್ಲಿ."

"ಮಂಜಪ್ಪನವರ ಎದುರಿಗಾ?"

"ನಾನು ಕಿವಿ ಮುಚ್ಕೊಂಡಿರ್ತೀನಿ ಮೇಷ್ಟ್ರೇ" ಎಂದರು ಹಿಂದಿನ ಸೀಟಿನಿಂದ ಮಂಜಪ್ಪನವರು. ಮುಚ್ಚಿಕೊಳ್ಳಲಿಲ್ಲ.

ರಸ್ತೆಯ ಪಕ್ಕದಲ್ಲಿ ಕೂತು ಹೇಳಿದೆ. ನೂರ್ ಭಾಯ್ ಮೋಸ ಮಾಡಿಲ್ಲ. ಅವರ ಕೆಲಸದಲ್ಲಿ ಒಂದು ಕೂದಲಿನಷ್ಟೂ ದೋಷವಿಲ್ಲ. ಅವರು ಹೇಳಲು ಬಂದದ್ದನ್ನು ಕೇಳಿಸಿಕೊಳ್ಳದ ಮೂರ್ಖ ನಾನು. ಅಡುಗೆ ಮನೆಯ ರೆಗ್ಯುಲೇಟರ್ ಎಂದುಕೊಂಡು ಕಾರಿನ ಗ್ಯಾಸನ್ನು ಮೂರು ತಿಂಗಳು ಮುಚ್ಚಿಟ್ಟಿದ್ದೆ. ಬೈಗುಳಕ್ಕೆ ನಾಲ್ಕು ನಿಮಿಷ ಬೇಕಾಗಿತ್ತು. ಇದು ನಲವತ್ತು ಸೆಕೆಂಡಿನಲ್ಲಿ ಮುಗಿಯಿತು.

ಮತ್ತೆ ಹೊರಟೆವು. ಸ್ವಲ್ಪ ದೂರ ಹೋದ ಮೇಲೆ ನಾನು ಅಭ್ಯಾಸಬಲದಿಂದ ಪೀಂ ಎನ್ನುವುದನ್ನೇ ಕಾಯುತ್ತ ಕೂತೆ. ಕಾರು ಏನೂ ಅನ್ನಲಿಲ್ಲ. ಮೂರು ತಿಂಗಳಲ್ಲಿ ಮೊದಲ ಬಾರಿಗೆ ಅದು ಗ್ಯಾಸಿನಲ್ಲಿ ಓಡುತ್ತಿತ್ತು. ಎಂಟನೆಯ ದಿನಕ್ಕೆ ಮೂರು ಹಸಿರು ದೀಪಗಳು ಆರಿದವು. ಗ್ಯಾಸು ಎಲ್ಲರ ಕಾರಿನಲ್ಲೂ ಮುಗಿಯುವ ಹಾಗೆ ನಮ್ಮದರಲ್ಲೂ ಮುಗಿಯುತ್ತದೆ ಎಂಬ ವೈಜ್ಞಾನಿಕ ಸತ್ಯ ಹೀಗೆ ಸಾಬೀತಾಯಿತು. ಮತ್ತೆ ಆಟೋಗಳ ಸಾಲಿನಲ್ಲಿ ಹೋಗಿ ನಿಂತೆ.

ಬಡಾವಣೆಯ ಒಂಬತ್ತು ಮನೆಯವರೂ ನೂರ್ ಭಾಯ್ ಹತ್ತಿರವೇ ಕಿಟ್ ಹಾಕಿಸಿದರು. ನನ್ನ ಪರಿಸರ ಭಾಷಣ ಕೇಳಿ ಅರೆಮನಸ್ಸಿನಲ್ಲಿದ್ದವರು, ನನ್ನ ತಪ್ಪೊಪ್ಪಿಗೆ ಕೇಳಿದ ಮೇಲೆ ಗಟ್ಟಿ ಮನಸ್ಸು ಮಾಡಿದರು. ಮೇಷ್ಟ್ರು ಅಷ್ಟೆಲ್ಲ ಎಡವಟ್ಟು ಮಾಡಿದರೂ ಏನೂ ಆಗದ ಕಿಟ್ಟು ನಿಜಕ್ಕೂ ಗಟ್ಟಿಯಾಗಿರಬೇಕು ಎಂಬುದು ಅವರ ವಾದ. ಹತ್ತನೆಯವರಾಗಿ ಮಂಜಪ್ಪನವರೂ ಹಾಕಿಸಿದರು. ವಾರಕ್ಕೊಮ್ಮೆ ಹೊರತೆಗೆದು ಒರೆಸುವ ಕಾರಿಗೆ!

ಅವರ ಕಾರು ತರಲು ನಾನೇ ಅವರನ್ನು ನನ್ನ ಕಾರಿನಲ್ಲಿ ಕರೆದುಕೊಂಡು ಹೋಗಿದ್ದೆ. ನೂರ್ ಭಾಯ್ ನನ್ನನ್ನು ಕಂಡು ಕುರ್ಚಿ ಒರೆಸಿ ಕೊಟ್ಟು, ಚಹಾ ತರಿಸಿದರು. ಹಳೆಯದನ್ನು ಎತ್ತಲಿಲ್ಲ. ಆಮೇಲೆ ಮಂಜಪ್ಪನವರ ಕೈಗೆ ಲ್ಯಾಮಿನೇಷನ್ ಮಾಡಿಸಿದ ಒಂದು ಚೀಟಿ ಕೊಟ್ಟರು. ಈಗ ಪ್ರತಿ ಗಿರಾಕಿಗೂ ಕೊಡುತ್ತಾರಂತೆ. ಮಗಳು ಬರೆದುಕೊಟ್ಟದ್ದಂತೆ. ದುಂಡು ಅಕ್ಷರದಲ್ಲಿ ಹೀಗಿತ್ತು: "ಒಂದು, ಡಿಕ್ಕಿಯ ವಾಲ್ ಮುಟ್ಟಬೇಡಿ. ಎರಡು, ಪೀಂ ಎಂದರೆ ಪೆಟ್ರೋಲ್. ಮೂರು, ನಾವು ಹೇಳುವಾಗ ದಯವಿಟ್ಟು ಪೂರ್ತಿ ಕೇಳಿಸಿಕೊಳ್ಳಿ."

"ಮೂರನೇದು ಯಾಕೆ ಭಾಯ್?" ಎಂದು ಪಕ್ಕದಲ್ಲಿ ನಿಂತಿದ್ದ ಹೊಸ ಗಿರಾಕಿಯೊಬ್ಬರು ಕೇಳಿದರು.

ನೂರ್ ಭಾಯ್ ನನ್ನ ಕಡೆ ತಪ್ಪಿಯೂ ನೋಡಲಿಲ್ಲ. ಮರ್ಯಾದಸ್ಥರು. "ಹಿಂದೆ ಒಬ್ರು ಗಿರಾಕಿ ಇದ್ರು ಸರ್. ಬಹಳ ಓದಿದವರು" ಎಂದಷ್ಟೇ ಹೇಳಿ ಕೆಲಸಕ್ಕೆ ಹೊರಟರು.

"ಯಾರು? ಎಲ್ಲಿಯವರು?"

ಆ ಪ್ರಶ್ನೆಗೆ ಉತ್ತರ ಬರುವ ಮೊದಲೇ ಜಾಗ ಖಾಲಿ ಮಾಡೋಣವೆಂದು ನಾನು ಸರಸರನೆ ಹೋಗಿ ಕಾರು ಹತ್ತಿ ಚಾಲೂ ಮಾಡಿದೆ. ಬೆಳಿಗ್ಗೆ ಗ್ಯಾಸ್ ಹಾಕಿಸಲು ಮರೆತಿದ್ದೆ. ಇದ್ದದ್ದು ಅಲ್ಲಿಗೆ ತಲುಪುವಷ್ಟರಲ್ಲಿ ಮುಗಿದಿತ್ತು, ಇಂಜಿನ್ ಮಾತ್ರ ಇನ್ನೂ ಬಿಸಿಯಾಗಿತ್ತು. ನನ್ನ ಕಾರು ಇಡೀ ವರ್ಕ್‌ಶಾಪಿಗೆ ಕೇಳುವ ಹಾಗೆ ಪೀಂ ಪೀಂ ಪೀಂ ಎಂದಿತು. ಎಲ್ಲರೂ ತಿರುಗಿ ನೋಡಿದರು.